ಮೇಲಿನ ಬರ್ತ್

ಆಲ್ಪ್ಸ್ ಪರ್ವತದ ಏರಿನಲ್ಲಿ ಹದಿನಾಲ್ಕು ಬೋಗಿಯ ಸ್ಲೀಪರ್ ರೈಲು ಏದುಸಿರು ಬಿಟ್ಟು ನಿಂತಾಗ, ಶಾಂತಪ್ಪನವರು ಲುಂಗಿ ಎತ್ತಿ ಕಟ್ಟಿ ಕೆಳಗಿಳಿದರು. ಒಂದೇ ಕೈಯಲ್ಲಿ ನೂಕಿದರು. ಇನ್ನೊಂದು ಕೈಯಲ್ಲಿ ಚಹಾದ ಕಪ್ಪಿತ್ತು.

"ಒಂದ್ ಹನಿ ಚೆಲ್ಲಲಿಲ್ಲ," ಎಂದರು.

ಲಂಡನ್ನಿನ ಕೆಂಟನ್‌ನಲ್ಲಿದ್ದ ಅವರ ಮುಂಗೋಣೆಯಲ್ಲಿ ಕನ್ನಡ ಬಳಗದ ಇಪ್ಪತ್ತೆರಡು ಜನ ಕೂತಿದ್ದರು. ಆ ಭಾರಕ್ಕೆ ಮನೆ ಹ್ಯಾರೋ ಕಡೆ ಎರಡು ಇಂಚು ವಾಲಿತ್ತು ಎಂದರೂ ನಂಬಬೇಕು. ಬೇಸಿಗೆ ಪ್ರವಾಸ ಗೊತ್ತಾಗಿತ್ತು: ಬ್ರಸೆಲ್ಸ್, ಪ್ರಾಗ್, ವಿಯೆನ್ನಾ, ವೆನಿಸ್. ರಾತ್ರಿ ರೈಲಿನಲ್ಲಿ ನಿದ್ದೆ, ಹಗಲು ಊರು ಸುತ್ತಾಟ. ಮುಂದಾಳು ಯಾರೆಂಬುದು ಮಾತ್ರ ಈ ಮಧ್ಯಾಹ್ನ ತೀರ್ಮಾನವಾಗಬೇಕು. ಶಾಂತಪ್ಪನವರಿಗೆ ಆ ಪಟ್ಟ ಬೇಕೇ ಬೇಕಾಗಿತ್ತು. ಮದುವೆಯ ಮೂವತ್ತನೇ ವರ್ಷಕ್ಕೆಂದು ಅದೇ ದಾರಿಗೆ ಜೋಡಿ ಟಿಕೆಟ್ ತೆಗೆಸಿ ಇನ್ನೂ ತಿಂಗಳಾಗಿರಲಿಲ್ಲ.

ಎದುರಾಳಿ ಸಟನ್ನಿನ ಸಂದೀಪ್. ಹೋದ ವರ್ಷ ಬಳಗವನ್ನು ಸ್ಕಾಟ್ಲೆಂಡಿಗೆ ಕರೆದೊಯ್ದು, ಇನ್ವರ್ನೆಸ್‌ನಲ್ಲಿ ಎಲ್ಲರಿಗೂ ರೈಲು ತಪ್ಪಿಸಿದ್ದವನು.

"ರೈಲು ನೂಕಿದ್ದು ಬಿಡಿ ಸಾರ್," ಎಂದ ಸಂದೀಪ್. "ಬರ್ತ್ ಹೇಗಿತ್ತು ಹೇಳಿ. ವಯಸ್ಸಾದವರಿಗೆ ನಿದ್ದೆ ಬರತ್ತಾ?"

"ಮ್ಯಾಲಿನ ಬರ್ತ್ ನಂದು. ಮಹಾರಾಜರ ತೊಟ್ಟಿಲು."

"ಮೇಡಂಗೆ ನಿಮ್ಮ ಗೊರಕೆ?"

ಬಾಗಿಲ ಬಳಿ ಕೂತಿದ್ದ ಹೆಂಡತಿ ಕಲ್ಯಾಣಿ ತಲೆ ಎತ್ತಲಿಲ್ಲ. "ಮ್ಯಾಲಿನ ಬರ್ತಿನಿಂದ ಒಂದ್ ಸಪ್ಪಳ ಬರ್ಲಿಲ್ಲ. ಮೂವತ್ತ ವರ್ಷದಾಗ ಅಂಥಾ ನಿದ್ದಿ ಮಾಡಿದ್ದಿಲ್ಲ."

ಕೋಣೆ ನಕ್ಕಿತು. ಅವಳು ನಗಲಿಲ್ಲ. ಎಲ್ಲರೂ ಸೇರಿದಾಗಿನಿಂದ ಗಂಡನನ್ನು ಅವಳು ಓರೆಗಣ್ಣಿನಲ್ಲಿ ನೋಡುತ್ತಿದ್ದ ರೀತಿಗೆ ಕಾದ ಹಾಲು ಒಡೆಯುತ್ತಿತ್ತು.

ಶಾಂತಪ್ಪನವರು ನಿಲ್ಲಿಸಲಿಲ್ಲ. ವಿಯೆನ್ನಾದ ಕಾಫಿ ಅಂಗಡಿಯವನಿಗೆ ಡಿಕಾಕ್ಷನ್ ಇಳಿಸುವುದನ್ನು ಕಲಿಸಿದರಂತೆ. ಅವನು ಕಾಲಿಗೆ ಬಿದ್ದನಂತೆ.

"ಹೌದಾ ಮೇಡಂ?" ಸಂದೀಪ್ ತಿರುಗಿದ.

"ಆ ಅಂಗಡ್ಯಾಗ ಇವರ ಮ್ಯಾಲೆ ಯಾರೂ ಒಂದ್ ಕೆಟ್ಟ ಮಾತ ಆಡಲಿಲ್ಲ. ಅಷ್ಟ ಹೇಳತೀನಿ."

ಅವಳ ಫೋನು ಕೈಯಿಂದ ಕೈಗೆ ದಾಟುತ್ತಿತ್ತು. ಪ್ರಾಗ್‌ನ ಸೇತುವೆ, ವೆನಿಸ್ಸಿನ ದೋಣಿ, ರೈಲಿನ ಕಿಟಕಿ. ಎಲ್ಲದರಲ್ಲೂ ಕಲ್ಯಾಣಿ, ಎಲ್ಲದರಲ್ಲೂ ಬಾಯ್ತುಂಬ ನಗು.

"ಸಾರ್, ನೀವೆಲ್ಲೂ ಇಲ್ವಲ್ಲ."

"ಫೋಟೋ ತೆಗಿಯಾಂವ ಫೋಟೋದಾಗ ಹೆಂಗ ಬರ್ತಾನಪಾ? ರೈಲು ತಪ್ಪಿಸಿದಷ್ಟು ಸುಲಭ ಅಲ್ಲದು."

ಸಂದೀಪನ ಕಿವಿ ಕೆಂಪಾಯಿತು. "ಮಾತಲ್ಲೇ ಯುರೋಪ್ ತೋರಿಸೋರನ್ನ ನಂಬಿಕೊಂಡು ಹೋಗ್ತೀರಾ?" ಎಂದು ಎಲ್ಲರನ್ನೂ ಕೇಳಿದ.

"ನಿನ್ನ ನಂಬಿ ಪ್ಲಾಟ್‌ಫಾರ್ಮ್ ಮ್ಯಾಲೆ ಮಲ್ಕೊಂಡವರು ಇಲ್ಲೇ ಕುಂತಾರ. ಕೇಳು."

ಕೈ ಎತ್ತಿಸಿದರು. ಶಾಂತಪ್ಪನವರಿಗೆ ಹದಿನೇಳು, ಸಂದೀಪನಿಗೆ ಮೂರು. ಸಂದೀಪ್ ಕೋಟು ಎತ್ತಿಕೊಂಡ. ಕಲ್ಯಾಣಿ ಯಾರಿಗೂ ಕೈ ಎತ್ತಿರಲಿಲ್ಲ.

ಆಗ ಈಸ್ಟ್ ಹ್ಯಾಮ್‌ನಿಂದ ಎರಡು ರೈಲು ಬದಲಿಸಿ ಬಂದಿದ್ದ ಬಸಲಿಂಗವ್ವ ಬಾಯಿ ಬಿಟ್ಟರು. ಕಲಬುರಗಿಯವರು, ಎಪ್ಪತ್ತು ದಾಟಿದವರು. ವೆನಿಸ್ ನೋಡಬೇಕೆಂದು ಎರಡು ವರ್ಷದಿಂದ ಮೊಣಕಾಲಿಗೆ ವ್ಯಾಯಾಮ ಮಾಡುತ್ತಿದ್ದರು.

"ತಮ್ಮಾ, ನಂದು ನಿಮ್ಮಂಗೇ ಇನ್ನೂ ಭಾರತದ ಪಾಸ್‌ಪೋರ್ಟೇ ಅದ. ಇಲ್ಲಿ ಕಾಯಂ ಇರಲಿಕ್ಕ ಪರವಾನಗಿ ಕೊಟ್ಟಾರಲ್ಲ, ಯುರೋಪಿಗೂ ಅದೇ ಸಾಕೇನು? ನೀವು ಹ್ಯಾಂಗ ಹೋದ್ರಿ, ನಾನೂ ಹಂಗೇ ಬರ್ತೀನಿ."

ಅಂದು ಮೊದಲ ಸಲ ಕಲ್ಯಾಣಿ ಗಂಡನನ್ನೇ ನೆಟ್ಟಗೆ ನೋಡಿದಳು.

"ಹೇಳ್ರಿ," ಎಂದಳು. "ಅವ್ವಾರು ಕೇಳಾಕತ್ತಾರ."

"ಸಾಕಾಗಂಗಿಲ್ರಿ ಅವ್ವಾರ, ಬ್ಯಾರೆ ವೀಸಾ ಬೇಕು," ಎಂದರು ಶಾಂತಪ್ಪನವರು. "ಅದಿಲ್ಲಂತ ಇಲ್ಲೇ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದಾಗ ನನ್ನ ಹೊಳ್ಳಿ ಕಳಿಸಿದ್ರು, ಹೋಗಿ ಬಂದಾಕಿ ಬ್ರಿಟಿಷ್ ಪಾಸ್‌ಪೋರ್ಟಿನ ಕಲ್ಯಾಣಿ ಒಬ್ಬಾಕಿನ, ನಾ ಒಂಬತ್ತೂ ದಿನ ಕೆಂಟನ್ ಬಿಟ್ಟು ಕದಲಿಲ್ಲ."