ಜಗಳ ತೋರಿಸುವ ಮನೆ

“ಸಾರಿಗೆ ಉಪ್ಪ ಹಾಕಿಲ್ಲ, ನಿನ್ನ ನಾಲಿಗಿ ಸತ್ತೈತೇನ?” ಎಂದು ಮಡಿವಾಳಪ್ಪ ಗಂಗಾಳ ಎಸೆದ. ಹಗ್ಗದಾಚೆ ನಿಂತ ಪ್ರವಾಸಿಗರು ಬೆಚ್ಚಿದರು. ಗುಳಿಗೆ ನುಂಗಿ ಲೋಕವೇ ಸಿಟ್ಟು ಮರೆತಿತ್ತು. ಗುಮ್ಮಟ, ಕೋಟೆಬಾಗಿಲು ನೋಡಿದವರು ಜಗಳ ನೋಡಲು ಹಳೇಪೇಟೆಯ ಈ ಮ್ಯೂಸಿಯಮ್ಮಿಗೆ ಬರುತ್ತಿದ್ದರು. ಗುಳಿಗೆಯಿಂದ ವಿನಾಯಿತಿ ಇದ್ದದ್ದು ಈ ಗಂಡಹೆಂಡತಿಗೆ ಮಾತ್ರ.

ಕಾಶೀಬಾಯಿ ಇವತ್ತು ಬರೆದುಕೊಟ್ಟ ಮಾತು ಆಡಲಿಲ್ಲ.

“ನಮ್ಮವ್ವ ಸತ್ತ ದಿನಾನೂ ನನ್ನ ಇಲ್ಲೇ ನಿಲ್ಲಿಸಿ ಜಗಳಾಡಿಸಿದ್ರಿ. ಮಣ್ಣಿಗೂ ಕಳಸಲಿಲ್ಲ.”

ಅದಕ್ಕೆ ಉತ್ತರವನ್ನು ಯಾರೂ ಬರೆದಿರಲಿಲ್ಲ. ಅವಳು ಎಂದಿನಂತೆ ಮುಂಬಾಗಿಲಿನಿಂದ ಹೊರನಡೆದಳು. ಜನ ಚಪ್ಪಾಳೆ ತಟ್ಟಿದರು.

ದಿನಾಲೂ ಅವಳು ಹಿತ್ತಲಿನಿಂದ ಸುತ್ತಿ ಒಳಬಂದು, ಚೆಲ್ಲಿದ ಸಾರನ್ನು ಒರೆಸುತ್ತಿದ್ದಳು. ಮುಂದಿನ ತಂಡ ಬಂದು ಹಗ್ಗದಾಚೆ ನಿಂತಿತು. ಮಡಿವಾಳಪ್ಪ ಹಿತ್ತಲ ಬಾಗಿಲನ್ನೇ ನೋಡುತ್ತಿದ್ದ. ಸಾರು ನೆಲದ ಮೇಲೆ ಒಣಗುತ್ತಿತ್ತು.