ತಾರಸಿ ಹತ್ತಬೇಡ

"ನಾಳೆಯಿಂದ ನೀನು ತಾರಸಿ ಹತ್ತಬೇಡ," ಎಂದ ಹಮೂದ್, ಮನೆಯೊಳಗೆ ಕಾಲಿಡುತ್ತಲೇ. "ಪಕ್ಕದ ಮನೆ ಹಾಜಿ ಮುಸಿದ್ ಮಸೀದಿ ಬಾಗಿಲಲ್ಲಿ ನಾಲ್ಕು ಜನರ ಮುಂದೆ ಹೇಳಿದರು. ನೀನು ಮೇಲಿದ್ದರೆ ಅವರಿಗೆ ಅವರ ತಾರಸಿಗೆ ಬರೋಕೆ ಮುಜುಗರವಂತೆ."

ಹೆಂಡತಿ ತಕಿಯ್ಯಾ ಸೋಲಾರ್ ಪ್ಯಾನೆಲ್ ಒರೆಸಿ ಬಂದ ಬಟ್ಟೆ ಹಿಂಡುತ್ತಿದ್ದಳು. "ನಾನು ತಲೆಯಿಂದ ಕಾಲಿನ ತನಕ ಕಪ್ಪು ಹೊದ್ದು, ಗಾಜಿಗೆ ಮುಖ ಕೊಟ್ಟು ಒರೆಸ್ತೀನಿ. ಅವರು ಬರೀ ಲುಂಗಿಯಲ್ಲಿ ಕೂತು ಎಳೆಬಿಸಿಲಿಗೆ ಹೊಟ್ಟೆ ಕಾಯಿಸ್ತಾರೆ. ಮುಜುಗರ ಆಗಬೇಕಾದ್ದು ಯಾರಿಗೆ?"

"ಬಾಯಿ ನೋಡು! ನಾನೇ ಒರೆಸ್ತೀನಿ ಬಿಡು. ಗಾಜು ಒರೆಸೋದೇನು ಮಹಾ ವಿದ್ಯೆಯಾ?"

ಆಕೆಗೆ ಅದನ್ನು ಯಾರೂ ಕಲಿಸಿರಲಿಲ್ಲ. ಸನಾ ನಗರದಲ್ಲಿ ಸರ್ಕಾರದ ಕರೆಂಟು ಹೋದ ಮೇಲೆ ಬಂದ ಎರಡು ಪ್ಯಾನೆಲ್‌ಗಳು ಅವು. ಬಿಸಿಲೇರುವ ಮುಂಚೆಯೇ ಒರೆಸಬೇಕು, ಹಕ್ಕಿ ಹಿಕ್ಕೆಯನ್ನು ಕೆರೆಯದೆ ನೆನೆಸಿ ತೆಗೆಯಬೇಕು ಎಂದೆಲ್ಲ ಅವಳ ಕೈಯೇ ಕಂಡುಕೊಂಡಿತ್ತು. ದಿನಕ್ಕೆ ಅರ್ಧ ಗಂಟೆ ಅವಳ ತಲೆಯ ಮೇಲೆ ಸೂರಿರುತ್ತಿರಲಿಲ್ಲ. ಅದು ತನಗೆಷ್ಟು ಇಷ್ಟ ಎಂಬುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಅದನ್ನೂ ಎಂದೋ ಕಿತ್ತುಕೊಳ್ಳುತ್ತಿದ್ದರು.

ಮೊದಲ ದಿನ ಹಮೂದ್ ಏಳಲಿಲ್ಲ. ಎರಡನೆಯ ದಿನ, ಸೊಂಟ ಹಿಡಿದಿದೆ ಎಂದ. ಮೂರನೆಯ ದಿನ ನಡುಮಧ್ಯಾಹ್ನ ಮೇಲೆ ಹೋಗಿ, ಕಾದು ಕೆಂಡವಾಗಿದ್ದ ಗಾಜಿನ ಮೇಲೆ ಒಂದು ಬಕೆಟ್ ತಣ್ಣೀರು ಸುರಿದ. 'ಟಪ್' ಎಂದ ಸದ್ದು ಕೆಳಗಿನ ಅಡುಗೆಮನೆಗೂ ಕೇಳಿಸಿತು.

"ಮಾಲೇ ಕಳಪೆ," ಎನ್ನುತ್ತಾ ಇಳಿದು ಬಂದ.

ಸಂಜೆಗೆ ಪುಟ್ಟ ಫ್ರಿಜ್ ಎರಡು ಸಲ ಬಿಕ್ಕಿ ನಿಂತಿತು. ಅದರೊಳಗೆ ಇದ್ದದ್ದೇ ಅತ್ತೆಯ ಇನ್ಸುಲಿನ್. ತಕಿಯ್ಯಾ ಸೀಸೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಹೂಜಿಯ ಪಕ್ಕ ಇಟ್ಟಳು.

"ಬೆಚ್ಚಗಾದರೆ ಕೆಡತ್ತೇನೇ?" ಅತ್ತೆ ಕೇಳಿದರು.

"ಕೆಡತ್ತೆ, ಅತ್ತೆ. ಒಡೆಯದೆ ಉಳಿದ ಪ್ಯಾನೆಲ್ ಇನ್ನೊಂದಿದೆ. ಅದರ ಮೇಲೂ ಬೆರಳು ದಪ್ಪ ಧೂಳು."

ಅತ್ತೆ ಮಗನ ಕಡೆ ನೋಡಿದರು. ಅವನು ಫೋನು ನೋಡುತ್ತಿದ್ದ.

ಮರುದಿನ ಬೆಳಗಾಗುತ್ತಲೇ ತಕಿಯ್ಯಾ ಬಕೆಟ್ಟು, ಬಟ್ಟೆ ಎತ್ತಿಕೊಂಡಳು. ಹಮೂದ್ ಮೆಟ್ಟಿಲ ಬುಡಕ್ಕೆ ಓಡಿ ಬಂದ. "ತಲೆ ಕೆಟ್ಟಿದೆಯಾ? ಹಾಜಿ ಮೇಲಿದ್ದಾರೆ!"

"ಇರಲಿ. ಸರಿದುಕೊಳ್ಳಲಿ."

ಈ ಊರಿನ ಎತ್ತರದ ಮನೆಗಳಲ್ಲಿ ಗಂಡಸರು ಮೆಟ್ಟಿಲು ಹತ್ತುವಾಗ 'ಅಲ್ಲಾಹ್, ಅಲ್ಲಾಹ್' ಎಂದು ಕೂಗಿಕೊಂಡು ಬರುತ್ತಾರೆ. ಕೇಳಿದ ಹೆಂಗಸರು ದಾರಿ ಬಿಟ್ಟು ಒಳಗೆ ಹೋಗಬೇಕು. ತನ್ನ ನಲವತ್ತೆರಡು ವರ್ಷಗಳ ಬದುಕಿನಲ್ಲಿ ಹಾಗೆ ಎಷ್ಟು ಬಾಗಿಲುಗಳ ಹಿಂದೆ ನಿಂತಿದ್ದಳೋ ಅವಳಿಗೇ ಲೆಕ್ಕವಿಲ್ಲ. ಈಗ ಮೆಟ್ಟಿಲು ಹತ್ತುತ್ತಾ ಅವಳೇ ಕೂಗಿದಳು: "ಅಲ್ಲಾಹ್! ಅಲ್ಲಾಹ್!"

ಮೊದಲ ಕೂಗು ನಡುಗಿತು.

"ಇನ್ನೂ ಜೋರಾಗಿ ಕೂಗೇ, ತಕಿಯ್ಯಾ," ಒಳಗಿನಿಂದ ಅತ್ತೆಯ ದನಿ ಬಂತು. "ಮುಸಿದ್‌ಗೆ ಚಿಕ್ಕಂದಿನಿಂದಲೂ ಕಿವಿ ಮಂದ."

ತಾರಸಿಯ ಬಾಗಿಲನ್ನು ಕಾಲಿನಿಂದ ತಳ್ಳಿ, ಎದೆ ತುಂಬ ಉಸಿರೆಳೆದು ಅವಳು ಮತ್ತೆ ಕೂಗಿದಳು. ಪಕ್ಕದ ತಾರಸಿಯಲ್ಲಿ ಕಾಫಿ ಲೋಟ ಉರುಳಿತು. ಲುಂಗಿ ಹಿಡಿದುಕೊಂಡು ಓಡಿದ ಸದ್ದು, ಬಾಗಿಲು ದಢಾರನೆ ಮುಚ್ಚಿದ ಸದ್ದು. ಆಮೇಲೆ, ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು.