ಪ್ರಿಂಟರಿನ ಒಡೆಯ

"ಸರ್, ಪ್ರಿಂಟರ್ ನಿಂತೋಗಿದೆ," ಎಂದಳು ಟೈಪಿಸ್ಟ್ ಹುಡುಗಿ, ತಲೆ ಎತ್ತದೆ. "ಮತ್ತೆ ಶುರು ಮಾಡೋ ಅಧಿಕಾರ ನಿಮಗೊಬ್ಬರಿಗೇ ಅಲ್ವಾ ಇರೋದು?"

ಮೇಲ್ವಿಚಾರಕ ಕಾಲರ್ ಸರಿಮಾಡಿಕೊಂಡ. ಕಚೇರಿಯ ಸರ್ವರ್ ಕಂಪ್ಯೂಟರಿಗೆ ಹಾಕಿದ್ದ ಮುಕ್ತ ತಂತ್ರಾಂಶ ಒಬ್ಬೊಬ್ಬರಿಗೂ ಅಳೆದು ಅಧಿಕಾರ ಕೊಡುತ್ತಿತ್ತು. ಅವನ ಪಾಲಿಗೆ ಬಂದದ್ದು ಪ್ರಿಂಟರ್ ಶುರು ಮಾಡುವುದಷ್ಟೇ. ಅಷ್ಟಕ್ಕೇ ಇಡೀ ಸರ್ವರ್ ತನ್ನ ಅಪ್ಪನ ಮನೆ ಆಸ್ತಿಯೆಂಬಂತೆ ಮೆರೆಯುತ್ತಿದ್ದ. ಈ ಬೆಳಿಗ್ಗೆ ಅವಳ ತಿಂಗಳ ಹಾಜರಿಯನ್ನೇ ಅಳಿಸಲು ಹೋಗಿದ್ದ, ಅವಳನ್ನು ಕೆಲಸದಿಂದ ತೆಗೆಸಿ ಆ ಕುರ್ಚಿಯಲ್ಲಿ ತನ್ನ ನಾದಿನಿಯನ್ನು ಕೂರಿಸಲು. ತಂತ್ರಾಂಶ ಒಪ್ಪಲಿಲ್ಲ. ಅವನ ಹೆಸರು, ಹೊತ್ತು, ಮಾಡಹೊರಟ ಕೆಲಸ ಎಲ್ಲವನ್ನೂ ಬರೆದು ಕಚೇರಿಯ ಮೇಲ್‌ಗೆ ಕಳಿಸಿತು. ಆ ಮೇಲ್ ತೆರೆದು ದೊಡ್ಡ ಸಾಹೇಬರಿಗೆ ಮುದ್ರಿಸಿ ಕೊಡುವವಳು ಇದೇ ಹುಡುಗಿ ಎಂಬುದು ಆ ಮಹಾಶಯನಿಗೆ ಗೊತ್ತೇ ಇರಲಿಲ್ಲ.

"ನಾನಿಲ್ದಿದ್ರೆ ಇಲ್ಲಿ ಒಂದು ಹಾಳೆನೂ ಹೊರಗೆ ಬರಲ್ಲ, ನೋಡಮ್ಮ," ಎನ್ನುತ್ತ ಅವನು ಒಂದೇ ಬೆರಳಲ್ಲಿ ಪಾಸ್‌ವರ್ಡ್ ಕುಟ್ಟಿದ.

ಪ್ರಿಂಟರ್ ಗೊರ್ರೆಂದಿತು. ಬೆಚ್ಚಗಿನ ಹಾಳೆ ಹೊರಬಂತು. ಮೊದಲ ಸಾಲಿನಲ್ಲೇ ಅವನ ಹೆಸರು.

"ದೊಡ್ಡ ಉಪಕಾರ ಆಯ್ತು ಸರ್," ಎಂದು ಅವಳು ಅದನ್ನೆತ್ತಿಕೊಂಡು ಸಾಹೇಬರ ಕೋಣೆಯತ್ತ ನಡೆದಳು.